ಆರನೇ ಭಾಗ

ಆ ವಾಕ್ಯ ತನ್ನದೆಂದು ಹೊಳೆಯುವ ಮೊದಲೇ ಮೌಸಿನ ಮೇಲಿದ್ದ ವಂದನಾಳ ಕೈ ನಿಂತುಬಿಟ್ಟಿತ್ತು. ಕಾಫಿ ಮೇಜಿನ ಮೇಲೆ ಕೆನೆಗಟ್ಟುತ್ತಿತ್ತು. ಕಿಟಕಿಯಾಚೆ, ಅಂಬತ್ತೂರು ಕೈಗಾರಿಕಾ ಎಸ್ಟೇಟಿನ ಪಕ್ಕದ ಶೆಡ್ಡಿನಲ್ಲಿ ತಗಡು ಕತ್ತರಿಸುವ ಯಂತ್ರ ಎಂದಿನ ಹಾಗೆ ಒಂದೇ ಸಮನೆ ಕಿರುಚುತ್ತಿತ್ತು. ಲೋಕದ ಪ್ರೋಗ್ರಾಮರುಗಳೆಲ್ಲ ಒಬ್ಬರನ್ನೊಬ್ಬರು ಕೇಳಿ, ಹೇಳಿ, ಜಗಳಾಡುವ ಆ ಇಂಟರ್ನೆಟ್ ವೇದಿಕೆಯಲ್ಲಿ, ಹಸಿರು ಟಿಕ್ ಬಿದ್ದ ಉತ್ತರವೊಂದರ ನಡುವೆ, ಓರೆ ಅಕ್ಷರದಲ್ಲಿ, ಆ ವಾಕ್ಯ ಕೂತಿತ್ತು. ‘ಯಾವುದೇ ಜನಸಮುದಾಯದ ಹೆಸರುಗಳಿಗೂ ಈ ವಿಧಾನವು ಸಮನಾಗಿ ಅನ್ವಯಿಸುತ್ತದೆಂದು ಕಂಡುಬಂದಿದೆ.’ ಇಂಗ್ಲಿಷಿನಲ್ಲಿದ್ದರೂ ಅದರ ನಡಿಗೆ ಇಂಗ್ಲಿಷಿನದಲ್ಲ. ಕೊಳ್ಳೇಗಾಲದ ಸರ್ಕಾರಿ ಕಾಲೇಜಿನಲ್ಲಿ ಕೈಕಟ್ಟಿಕೊಂಡು ಓದಿದವಳು ಮಾತ್ರ ‘ಕಂಡುಬಂದಿದೆ’ ಎಂಬುದನ್ನು ಅಷ್ಟೊಂದು ಭಯಭಕ್ತಿಯಿಂದ ಬರೆಯುತ್ತಾಳೆ. ಸಂತೆಯಲ್ಲಿ ಯಾವಳೋ ಅಪರಿಚಿತಳ ಮೈಮೇಲೆ ಅವ್ವನ ಸೀರೆ ಕಂಡಹಾಗಾಯಿತು. ವಾಕ್ಯದ ಕೆಳಗೆ, ಇದು ಎಲ್ಲಿಯದೆಂದು ಹೇಳುವ ಜಾಗದಲ್ಲಿ, ‘ವಿಷ್ಣುತೀರ್ಥ ಮತ್ತಿತರರು, 1999’ ಎಂದಿತ್ತು. ಆ ಮತ್ತಿತರರಲ್ಲಿ ಒಬ್ಬಳು ಹತ್ತು ವರ್ಷದ ನಂತರ, ಬಾಡಿಗೆ ಕಟ್ಟಡದ ಎರಡನೇ ಮಹಡಿಯಲ್ಲಿ, ಎಸಿ ತಾಗಿ ಮರಗಟ್ಟಿದ ಬೆರಳುಗಳನ್ನು ಕಾಫಿ ಲೋಟಕ್ಕೆ ಒತ್ತಿ ಕೂತಿದ್ದಳು.

ಪ್ರಶ್ನೆ ಕೇಳಿದವನು ಸತ್ಯಾತ್ಮ. ಅವಳ ತಂಡದ ಮುಖ್ಯಸ್ಥ, ಅವಳಿಗಿಂತ ಚಿಕ್ಕವನು, ಅವನ ಮುತ್ತಜ್ಜನ ಕಾಲಕ್ಕೇ ಈ ತಮಿಳು ಊರಿನ ತಿರುವಲ್ಲಿಕ್ಕೇಣಿಗೆ ಬಂದು ನೆಲೆಸಿದ ಕನ್ನಡ ಮಾಧ್ವರ ಮನೆಯವನು. ವಾರದಿಂದ ಅವನ ತಲೆ ತಿನ್ನುತ್ತಿದ್ದದ್ದು ರಾಯಪುರಂನ ಕೆಲಸ. ಸುನಾಮಿ ಬಂದು ನಾಲ್ಕು ವರ್ಷ ಕಳೆದ ಮೇಲೆ ಒಂದು ಟ್ರಸ್ಟು ಅಲ್ಲಿನ ಮೀನುಗಾರರಿಗೆ ಮನೆ ಕಟ್ಟಿಸಿ ಕೊಡಲು ಹೊರಟಿತ್ತು. ಹಳೆಯ ಪರಿಹಾರದ ಪಟ್ಟಿ ಒಂದು, ಊರ ಪಂಚಾಯಿತಿಯವರು ಬರೆದುಕೊಟ್ಟದ್ದು ಇನ್ನೊಂದು. ಎರಡನ್ನೂ ಕಂಪ್ಯೂಟರಿಗೆ ತಿನ್ನಿಸಿ, ಒಬ್ಬರೇ ಎರಡು ಸಲ ಬಂದಿದ್ದರೆ ಒಂದನ್ನು ಅಳಿಸಿ, ಶುದ್ಧವಾದ ಒಂದೇ ಪಟ್ಟಿ ಕೊಡಬೇಕು. ಹೆಸರು ಹೆಸರನ್ನು ಹೋಲಿಸುವುದು ಹೇಗೆಂದು ಸತ್ಯಾತ್ಮ ವೇದಿಕೆಯಲ್ಲಿ ಕೇಳಿದ್ದ. ಯಾವ ದೇಶದಲ್ಲೋ ಕೂತ, ಮುಖದ ಬದಲು ಕಪ್ಪೆಯ ಚಿತ್ರ ಹಾಕಿಕೊಂಡ ಒಬ್ಬ, ಎರಡು ಸಾಲು ಬರೆದು, ಅವಳ ವಾಕ್ಯ ಅಂಟಿಸಿ, ಒಂದು ಕೊಂಡಿ ಕೊಟ್ಟು ಹೋಗಿದ್ದ. ಕೆಳಗೆ ಸಾಲು ಸಾಲು ಮೆಚ್ಚುಗೆ. ಪೇಪರೇ ಇದೆಯಲ್ಲ, ಇನ್ನೇನು ಚರ್ಚೆ, ಎಂದು ಒಬ್ಬ ಬರೆದಿದ್ದ.

"ನೋಡಿದಿಯಾ ಮ್ಮಾ?" ಸತ್ಯಾತ್ಮ ಕುರ್ಚಿಯನ್ನು ಗಾಲಿಯ ಮೇಲೆಯೇ ಉರುಳಿಸಿಕೊಂಡು ಬಂದ. "ಅಪ್ಪಾಡಾ, ಸೆಟಲ್ ಆಯ್ತು. ರಿಸರ್ಚ್ ಪೇಪರ್ ಇದೆ. ನಾನು ನಿನ್ನೆಯೇ ಕೋಡ್ ಮಾಡಿ ಓಡಿಸಿಬಿಟ್ಟೆ. ಎಷ್ಟು ಡೂಪ್ಲಿಕೇಟ್ ಸಿಕ್ಕಿತು ಗೊತ್ತಾ? ಟ್ರಸ್ಟಿನವರು ಡ್ಯಾನ್ಸ್ ಆಡ್ತಾರೆ."

"ನೀವು ಪೇಪರ್ ಓದಿದ್ರಾ?" ಎಂದಳು ವಂದನಾ.

"ಓದೋದಾ? ಕ್ಲಿಕ್ ಮಾಡಿದ್ರೆ ಡಾಲರ್ ಕೊಡು ಅಂತಾನೆ. ಮೇಲೆ ಸಾರಾಂಶ ಹಾಕಿದಾನಲ್ಲ, ಅದು ಸಾಕು ತಾನೇ?" ಅವನು ನಗುತ್ತ ಉರುಳಿಕೊಂಡು ಹೋದ. "ಮಧ್ಯಾಹ್ನ ಪದ್ಮನಾಭ ಸಾರ್ ಬರ್ತಾರೆ. ಅವರ ಕೈಗೆ ಕೊಟ್ಟು ಕೈ ತೊಳಕೊಂಡ್ರೆ ಮುಗೀತು."

ಅವನನ್ನು ಬೈಯುವುದಕ್ಕೆ ಅವಳಿಗೆ ಬಾಯಿ ಎಲ್ಲಿತ್ತು. ಅವಳೂ ಎಷ್ಟು ಸಲ ಹೀಗೆ ಮಾಡಿರಲಿಲ್ಲ. ಈ ವೇದಿಕೆಯಲ್ಲಿ ಪೇಪರು ಓದುವ ವಸ್ತುವಲ್ಲ. ಜಗಳ ಬಿಗಿಯಾದಾಗ ಊರವನೊಬ್ಬ ‘ಬೇಕಾದರೆ ಗೌಡರನ್ನೇ ಕೇಳಿ’ ಎನ್ನುತ್ತಾನೆ. ಯಾರೂ ಗೌಡರ ಮನೆಗೆ ಹೋಗಿ ಕೇಳುವುದಿಲ್ಲ. ಜಗಳ ಮಾತ್ರ ಅಲ್ಲಿಗೆ ನಿಲ್ಲುತ್ತದೆ. ಆ ಗೌಡರ ಸ್ಥಾನ ಇಲ್ಲಿ ಪೇಪರಿನದು. ಯಾರೋ ಎಂಥದೋ ಕೋಣೆಯಲ್ಲಿ ಎರಡು ಮೂರು ವರ್ಷ ಕಣ್ಣು ಸವೆಸಿ ಬರೆದದ್ದರಲ್ಲಿ ಒಂದು ವಾಕ್ಯ, ಅದೂ ಎದೆ ಉಬ್ಬಿಸಿ ಬರೆದ ಮೊದಲನೆಯ ವಾಕ್ಯ, ದೇವರ ಹೆಸರಿನಂತೆ ಬಾಯಿಂದ ಬಾಯಿಗೆ ಹೋಗುತ್ತದೆ. ಒಳಗೆ ಬರೆದ ಅನುಮಾನ, ‘ಆದರೆ’, ‘ಇಲ್ಲಿ ನಮಗೆ ಗೊತ್ತಿಲ್ಲ’, ಎಲ್ಲವೂ ದುಡ್ಡು ಕೊಟ್ಟು ಬಾಗಿಲು ತೆರೆಯಬೇಕಾದ ಗರ್ಭಗುಡಿಯಲ್ಲಿ ಉಳಿಯುತ್ತವೆ. ಈ ವಾಕ್ಯಕ್ಕೂ ಒಂದು ಬಾಲವಿತ್ತು. ‘ಆರನೇ ಭಾಗದಲ್ಲಿ ಹೇಳಿದ ಮಿತಿಗೆ ಒಳಪಟ್ಟು’ ಎಂದು ಅವಳು ಬರೆದಿದ್ದಳು. ಬರೆದದ್ದು ಪಿಎಚ್‌ಡಿಗೆ ಸೇರಿದ್ದ ಆ ಲ್ಯಾಬಿನ ನೀಲಿ ಪರದೆಯ ಮೇಲೆ ಕಣ್ಣ ಮುಂದೆ ಇನ್ನೂ ಇದೆ. ಸಾರಾಂಶವನ್ನು ಅಂಟಿಸುವವನು ಬಾಲ ಕತ್ತರಿಸಿದ್ದಾನೆ, ಕಪ್ಪೆಮುಖದವನೇ ಕತ್ತರಿಸಿದ್ದಾನೆ ಎಂದುಕೊಂಡಳು. ಅವಳಿಗೆ ತುಂಬ ದಿನದ ಮೇಲೆ ಸಿಟ್ಟು ಬಂದಿತ್ತು. ಸಿಟ್ಟು ಬಂದದ್ದರಿಂದ ಒಂಥರಾ ಹಗುರವೂ ಆಗಿತ್ತು. ಮನೆತನದ ಹೆಸರಿಲ್ಲದ ಜನರಲ್ಲಿ ಈ ವಿಧಾನ ನಡೆಯುವುದಿಲ್ಲ, ಬೇರೆ ಬೇರೆ ಮನುಷ್ಯರನ್ನು ಒಬ್ಬರೇ ಎಂದು ತಪ್ಪಾಗಿ ಸೇರಿಸಿಬಿಡುತ್ತದೆ ಎಂದು ಉತ್ತರದ ಕೆಳಗೆ ಬರೆದಳು.

ಕಾಫಿ ಆರುವ ಮೊದಲೇ ಕಪ್ಪೆಮುಖದವನ ಮಾರುತ್ತರ ಬಂತು. ಮೂಲ ಕೊಡಿ. ಅವಳು ಬರೆದಳು: ಅದೇ ಪೇಪರಿನ ಆರನೇ ಭಾಗ ನೋಡಿ. ಬೆರಳು ಇನ್ನೂ ಏನೋ ಬರೆಯಬೇಕೆನ್ನುತ್ತಿತ್ತು. ಬರೆದಳು: ಅದನ್ನು ಬರೆದವರಲ್ಲಿ ನಾನೂ ಒಬ್ಬಳು. ತನ್ನೂರಿನವರ ಹೊರತು ಈ ಮಾತನ್ನು ಅವಳು ಯಾರೆದುರೂ ಆಡಿರಲಿಲ್ಲ. ಗಂಡನ ಮನೆಯವರಿಗೆ ಅವಳು ‘ಪಿಎಚ್‌ಡಿ ಅರ್ಧಕ್ಕೆ ಬಿಟ್ಟವಳು’, ಆಫೀಸಿನ ಕಡತದಲ್ಲಿ ವಂದನಾ ಪ್ರತಾಪ್. ಪೇಪರಿನ ಮೇಲೆ, ಅವ್ವನ ಮೊದಲಕ್ಷರ ಹೊತ್ತ ವಂದನಾ ಸಿ. ಅವಳದೇ ವಿಧಾನಕ್ಕೆ ಈ ಇಬ್ಬರನ್ನು ಕೊಟ್ಟರೆ ಬೇರೆ ಬೇರೆ ಮನುಷ್ಯರೆಂದು ಹೇಳುತ್ತದೆ. ಕಪ್ಪೆಮುಖದವನು ಬರೆದ: ಹಾಗಾದರೆ ನಾನು ಪ್ರೊಫೆಸರ್ ವಿಷ್ಣುತೀರ್ಥ. ಅದಕ್ಕೆ ಮೂರು ಮಂದಿ ಮೆಚ್ಚುಗೆ ಒತ್ತಿದರು. ಅದು ಅವಳಿಗೆ ಅಷ್ಟೊಂದು ನೋಯಲಿಲ್ಲ. ನೋಯಿಸಿದ್ದು ಆಮೇಲೆ ಬಂದವನು. ಯಾವುದೋ ವಿಶ್ವವಿದ್ಯಾಲಯದ ವಿದ್ಯಾರ್ಥಿ, ದುಡ್ಡಿಲ್ಲದೆ ಬಾಗಿಲು ತೆರೆಯುವ ಅದೃಷ್ಟವಂತ, ಒಳ್ಳೆಯವನು. ಅವನು ಬಲು ವಿನಯದಿಂದ ಬರೆದಿದ್ದ: ನಾನು ಈಗ ತಾನೇ ಪೇಪರನ್ನು ಪೂರ್ತಿ ಓದಿದೆ, ಎರಡು ಸಲ ಓದಿದೆ. ಅದರಲ್ಲಿ ಐದೇ ಭಾಗಗಳಿವೆ. ನೀವು ಹೇಳುವ ಮಿತಿ ಎಲ್ಲಿಯೂ ಇಲ್ಲ. ಲೇಖಕರು ಹೇಳದ ಮಾತನ್ನು ದಯವಿಟ್ಟು ಅವರ ಬಾಯಿಗೆ ತುರುಕಬೇಡಿ.

ಇಷ್ಟು ವರ್ಷದಲ್ಲಿ ಆ ಪೇಪರನ್ನು ನಿಜವಾಗಿ ಓದಿದ ಒಬ್ಬನೇ ಒಬ್ಬ ಅವಳನ್ನು ಸುಳ್ಳಿ ಎಂದಿದ್ದ. ವಂದನಾ ಕೊಂಡಿ ಒತ್ತಿದಳು. ಅವಳ ಹೆಸರು ಮೂರನೆಯದಾಗಿ, ಸಣ್ಣಕ್ಷರದಲ್ಲಿ, ಇತ್ತು. ಅದರ ಕೆಳಗೆ ಬಾಲವಿಲ್ಲದ ವಾಕ್ಯ, ಅಚ್ಚಿನಲ್ಲೇ ಬಾಲವಿಲ್ಲದ್ದು. ಅದರ ಕೆಳಗೆ ಪುಟ ಅವಳನ್ನೂ ಡಾಲರ್ ಕೇಳಿತು. ಬಾಗಿಲಲ್ಲಿ ನಿಂತ ಕಾವಲುಗಾರನಿಗೆ ಮನೆ ಕಟ್ಟಿದವಳೆಂದು ಹೇಗೆ ಹೇಳುವುದು. ಐದೇ ಭಾಗಗಳಿವೆ. ಐದೇ. ಅಂದ ತಕ್ಷಣ ಎಲ್ಲಿಂದಲೋ ಕೊಬ್ಬರಿ ಎಣ್ಣೆಯ, ಬೆಂದ ಕಡಲೆಯ, ಕರಿಬೇವಿನ ವಾಸನೆ ಬಂದು ಮೂಗಿಗೆ ಅಡರಿತು.

ಸುಂಡಲ್. ನವರಾತ್ರಿಯ ಬೊಂಬೆ ನೋಡಲು ಬನ್ನಿ ಎಂದು ಪ್ರೊಫೆಸರು ಲ್ಯಾಬಿನ ಹುಡುಗಿಯರನ್ನೆಲ್ಲ ಮನೆಗೆ ಕರೆದಿದ್ದರು. ಅವರು ಒಳ್ಳೆಯವರು. ಒಳ್ಳೆಯವರಲ್ಲ ಎಂದುಕೊಳ್ಳಲು ಅವಳು ಎಷ್ಟೋ ವರ್ಷ ಕಷ್ಟಪಟ್ಟಳು, ಆಗಲಿಲ್ಲ. ಸೇರಿದ ಮೊದಲ ವಾರವೇ "ನಮ್ಮ ಕನ್ನಡದ ಹುಡುಗಿ ಅಲ್ಲವಾಮ್ಮ ನೀನು" ಎಂದು ಮುಖವರಳಿಸಿ, ಆಮೇಲೆ "ಯಾವ ಕಡೆ, ಯಾರ ಪೈಕಿ" ಎಂದು ಕೇಳಿ, ಅವಳು ಹೇಳಿದ ಮೇಲೆ ಮುಖವನ್ನು ಮತ್ತೆ ಮಡಿಸದೆ ಹಾಗೆಯೇ ಇಟ್ಟುಕೊಳ್ಳಲು ಬಹಳ ಶ್ರಮಪಟ್ಟಿದ್ದರು. ಆ ಶ್ರಮ ಅವಳಿಗೆ ಕಂಡಿತ್ತು. ಅವರ ಮನೆಯಲ್ಲಿ ಎಲ್ಲರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿದರು, ಅವರ ಹೆಂಡತಿ ವೆಂಕಟಲಕ್ಷ್ಮಿ ಎಲ್ಲರಿಗೂ ಒಂದೇ ತಟ್ಟೆಯಿಂದ ಕುಂಕುಮ ಕೊಟ್ಟರು, ಎಲ್ಲರ ಕೈಗೂ ಒಂದೊಂದು ಸುಂಡಲ್ ಪೊಟ್ಟಣ ಇಟ್ಟರು. ಯಾವ ಭೇದವೂ ಇರಲಿಲ್ಲ. ಲ್ಯಾಬಿನಲ್ಲಿ ಬೇಡವಾದ ಪ್ರಿಂಟುಗಳನ್ನು ಪ್ರೊಫೆಸರು ಮನೆಗೆ ಒಯ್ಯುತ್ತಿದ್ದರು, ಒಂದು ಮಗ್ಗುಲು ಖಾಲಿ ಇರುತ್ತದಲ್ಲ, ಮಕ್ಕಳ ಲೆಕ್ಕಕ್ಕೆ, ಪೊಟ್ಟಣಕ್ಕೆ. ಬಸ್‌ಸ್ಟಾಪಿನಲ್ಲಿ ನಿಂತು ಹಸಿವಿಗೆ ಪೊಟ್ಟಣ ಬಿಚ್ಚಿದಾಗ ಎಣ್ಣೆ ಹೀರಿ ಗಾಜಿನಂತಾದ ಕಾಗದದೊಳಗಿಂದ ಅವ್ವನ ಹೆಸರು ಅವಳನ್ನು ನೋಡಿತು. ಚಿಕ್ಕತಾಯಮ್ಮ. ಅದರ ಕೆಳಗೆ ಚಿಕ್ಕತಾಯಮ್ಮ. ಅದರ ಕೆಳಗೂ ಚಿಕ್ಕತಾಯಮ್ಮ. ಆರನೇ ಭಾಗದ ಕೋಷ್ಟಕ. ಅದು ಬೇಡವಾದ ಪ್ರಿಂಟು ಹೇಗಾಯಿತೆಂದು ಅವಳಿಗೆ ಕೂಡಲೇ ಅರ್ಥವಾಗಲಿಲ್ಲ. ಹಸಿವಾಗಿತ್ತು. ಕಡಲೆಯನ್ನೆಲ್ಲ ತಿಂದಳು. ಆಮೇಲೆ ಬಸ್ಸು ಬಂತು, ಕಾಗದವನ್ನು ಉಂಡೆ ಮಾಡಿ ಅಲ್ಲೇ ಬಿಸಾಕಿ ಹತ್ತಿದಳು.

"ಪೇಜ್ ಲಿಮಿಟ್ ಮ್ಮಾ," ಎಂದಿದ್ದರು ಪ್ರೊಫೆಸರು ಮಾರನೆಯ ದಿನ, ಕನ್ನಡಕ ಒರೆಸಿಕೊಳ್ಳುತ್ತ. "ಎಂಟು ಪುಟದ ಮೇಲೆ ಒಂದು ಸಾಲು ತೊಗೊಳಲ್ಲ ಅವರು. ನಾನೇನು ಮಾಡಲಿ ಹೇಳು. ನಿನ್ನ ಜೊತೆ ಬರೆದ ಶ್ರೀನಿವಾಸನ ಭಾಗ ಕಡಿದರೆ ಗಣಿತವೇ ನಿಲ್ಲಲ್ಲ. ನಿನ್ನದು, ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡ, ಅದು ಸೋಷಿಯಾಲಜಿ ಆಗಿಹೋಯ್ತು. ಅಲ್ಗಾರಿದಮ್‌ಗೆ ಜಾತಿಗೀತಿ ಏನೂ ಗೊತ್ತಿಲ್ಲಮ್ಮ, ಅದೇ ಅದರ ದೊಡ್ಡತನ." ಅವಳು ಜಾತಿಯೆಂಬ ಪದವನ್ನು ಆ ಭಾಗದಲ್ಲಿ ಒಂದು ಸಲವೂ ಬರೆದಿರಲಿಲ್ಲ. ಮನೆತನದ ಹೆಸರಿದ್ದರೆ ಅದಕ್ಕೆ ಹೆಚ್ಚು ತೂಕ, ಇಲ್ಲದಿದ್ದರೆ ಅಪ್ಪನದೋ ಗಂಡನದೋ ಮೊದಲಕ್ಷರ, ಹೆಸರೂ ಮೊದಲಕ್ಷರವೂ ಬೀದಿಯೂ ಒಂದೇ ಆದರೆ ಮನುಷ್ಯರೂ ಒಬ್ಬರೇ ಎನ್ನುವ ಗಣಿತ ಯಾರನ್ನು ಇಡಿಯಾಗಿ ಕಾಣುತ್ತದೆ, ಯಾರನ್ನು ಕರಗಿಸುತ್ತದೆ ಎಂದಷ್ಟೇ ತೋರಿಸಿದ್ದಳು. ಅವಳ ಬೀದಿಯಲ್ಲಿ ಆರು ಜನ ಚಿಕ್ಕತಾಯಮ್ಮಂದಿರಿದ್ದರು. ಆರೂ ಮಂದಿಯ ಗಂಡಂದಿರು ಮಾದಯ್ಯನೋ ಮಾದೇವನೋ ಮಹದೇವಯ್ಯನೋ. ಯಾಕೆಂದರೆ ಹುಟ್ಟಿದ ಮಗುವಿಗೆ ಯಾವ ಹೆಸರಿಡಬಹುದು, ಯಾವುದು ಅತಿಯಾಯಿತು ಎನ್ನುವುದಕ್ಕೂ ಮೇಲಿನ ಬೀದಿಯ ಮುಖ ನೋಡಬೇಕಾಗಿದ್ದ ಬೀದಿ ಅದು. ನೆಲ ಬಿಡಲಿಲ್ಲ, ನೀರು ಬಿಡಲಿಲ್ಲ, ಹೆಸರನ್ನೂ ಹಿಡಿಯಷ್ಟೇ ಬಿಟ್ಟರು. ಆ ಹಿಡಿಯನ್ನೇ ಎಲ್ಲರೂ ಹಂಚಿಕೊಂಡು ಬದುಕಿದರು. ಈಗ ಗಣಿತ ಬಂದು, ನೀವೆಲ್ಲ ಒಬ್ಬರೇ, ಉಳಿದವರು ಸುಳ್ಳು ಎನ್ನುತ್ತದೆ. ಇದನ್ನೆಲ್ಲ ಅವಳು ಪ್ರೊಫೆಸರಿಗೆ ಹೇಳಲಿಲ್ಲ. ಫೆಲೋಶಿಪ್ಪಿನ ಅವಧಿ ಮುಂದುವರಿಸುವ ಅರ್ಜಿಯ ಮೇಲೆ ಅವರ ಸಹಿ ಆ ವಾರವೇ ಆಗಬೇಕಿತ್ತು. ‘ಸರಿ ಸರ್’ ಎಂದಳು.

ಅವ್ವನಿಗೂ ಹೇಳಲಿಲ್ಲ. ಹೆಸರುಗಳನ್ನು ಕೂಡಿಸಿದವಳು ಅವ್ವ. ಮಗಳ ಜೊತೆ ಮನೆಮನೆಯ ಬಾಗಿಲಿಗೂ ಹೋಗಿ, ಇವಳು ಮೇಗಲಮನೆ ಚಿಕ್ಕತಾಯಿ, ಇವಳು ಬಾವಿತಾವಿನ ಚಿಕ್ಕತಾಯಿ, ಇವಳು ಕುರಿ ಚಿಕ್ಕತಾಯಿ, ಬರ್ಕೊ ಮಗಾ ಸರಿಯಾಗಿ ಬರ್ಕೊ, ಎಂದು ಬೆರಳು ಮಡಿಚಿದವಳು. ಪೇಪರು ಅಚ್ಚಾದ ದಪ್ಪ ಪುಸ್ತಕ ಊರಿಗೆ ಒಯ್ದಾಗ ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಅದನ್ನು ಮುಟ್ಟಿದಳು. "ನಮ್ ಬೀದಿಯವ್ರ ಹೆಸ್ರೆಲ್ಲ ಇದ್ರಲ್ಲಿ ಅವಾ ಮಗಾ?" "ಅವೆ ಕನವ್ವ." "ನಂದೂ?" "ನಿಂದೂ ಅದೆ." ಅವ್ವ ಬಂದವರಿಗೆಲ್ಲ ಹೇಳಿದಳು. ಉಳಿದ ಐದೂ ಚಿಕ್ಕತಾಯಮ್ಮಂದಿರು ಬಂದು ಪುಸ್ತಕ ಮುಟ್ಟಿ ಹೋದರು. ಪ್ರತಿ ಸಲ ಊರಿಗೆ ಹೋದಾಗಲೂ ಯಾರಾದರೊಬ್ಬರು ಕೇಳುವರು, ಪ್ರತಿ ಸಲವೂ ಅವಳು ಅದೆ ಎನ್ನುವಳು. ಹೇಳಿ ಹೇಳಿ, ಪಿಎಚ್‌ಡಿ ಬಿಟ್ಟು, ಮದುವೆಯಾಗಿ, ಅವ್ವ ತೀರಿಕೊಂಡು, ಪುಸ್ತಕ ಊರಿನ ಅಟ್ಟದಲ್ಲಿ ಹುಳು ಹಿಡಿದು ಹೋಗುವ ಹೊತ್ತಿಗೆ, ಆರನೇ ಭಾಗ ನಿಜಕ್ಕೂ ಅಚ್ಚಾಗಿದೆಯೆಂದು ಅವಳೇ ನಂಬಿಬಿಟ್ಟಿದ್ದಳು. ಇಲ್ಲದಿದ್ದರೆ ಇವತ್ತು ಅಷ್ಟು ಧೈರ್ಯವಾಗಿ ‘ಆರನೇ ಭಾಗ ನೋಡಿ’ ಎಂದು ಲೋಕಕ್ಕೆ ಹೇಳುತ್ತಿದ್ದಳೆ.

ಸತ್ಯಾತ್ಮನ ಯಂತ್ರದಲ್ಲಿ ಅಳಿಸಿದವರ ಸಾಲು ತೆರೆದೇ ಇತ್ತು. ಅವನು ಊಟಕ್ಕೆ ಎದ್ದಾಗ ಅವಳು ಅವನ ಕುರ್ಚಿಯ ಹಿಂದೆ ನಿಂತು ಓದಿದಳು. ಎ. ಆರೋಗ್ಯಮೇರಿ, ಅದೇ ಬೀದಿಯ ಎ. ಆರೋಗ್ಯಮೇರಿ, ಒಬ್ಬಳು ಉಳಿದಿದ್ದಳು, ಒಬ್ಬಳ ಮೇಲೆ ಕೆಂಪು ಗೆರೆ. ಅಂತೋಣಿಯ ಹೆಂಡತಿಯೊಬ್ಬಳು, ಅರುಳನ ಹೆಂಡತಿಯೊಬ್ಬಳು ಇರಬಹುದು. ಎಂ. ಸೆಲ್ವಿ, ಎಂ. ಸೆಲ್ವಿ, ಎಂ. ಸೆಲ್ವಿ. ಕಡಲ ದಂಡೆಯಲ್ಲಿ ಅವರನ್ನು ಯಾರೂ ಒಬ್ಬಳೆನ್ನುವುದಿಲ್ಲ. ಐಸ್‌ಬಾಕ್ಸ್ ಸೆಲ್ವಿ ಇರುತ್ತಾಳೆ, ಹಲ್ಲು ಮುರಿದ ಸೆಲ್ವಿ ಇರುತ್ತಾಳೆ, ಗಂಡನನ್ನು ನೀರು ತೆಗೆದುಕೊಂಡ ಸೆಲ್ವಿ ಇರುತ್ತಾಳೆ. ಗೆರೆಗಳನ್ನು ನೋಡುತ್ತ ಹೋದವಳು ಅವನ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. ಕೈತೊಳೆದು ಬಂದ ಸತ್ಯಾತ್ಮ ಅವಳನ್ನು ಕಂಡು "ಏನಮ್ಮ, ಹುಷಾರಿಲ್ಲವಾ?" ಎಂದ.

"ಆ ಪೇಪರ್ ನಂದು."

"ಯಾವ ಪೇಪರ್?"

"ವಿಷ್ಣುತೀರ್ಥ ಮತ್ತಿತರರು. ಮೂರನೇ ಹೆಸರು ನಾನೇ. ವಂದನಾ ಸಿ. ಅದು ತಪ್ಪು, ಸತ್ಯಾತ್ಮ. ಇಂಥಾ ಜನಕ್ಕೆ ಅದು ನಡೆಯಲ್ಲ. ಇವರೆಲ್ಲ ಬೇರೆ ಬೇರೆ ಹೆಂಗಸರು."

ಅವನು ನಂಬುವುದಿಲ್ಲ, ನಗುತ್ತಾನೆ, ಅದನ್ನು ಎದುರಿಸಬೇಕು ಎಂದು ಅವಳು ಮೈಯೆಲ್ಲ ಬಿಗಿಹಿಡಿದು ನಿಂತಿದ್ದಳು. ಅವನು ಕೂಡಲೇ ನಂಬಿದ. ಮುಖ ಮಗುವಿನ ಹಾಗೆ ಅರಳಿತು. "ನಿಂದಾ? ನಿಜವಾಗಿಯೂ? ಅಯ್ಯೋ, ಇಷ್ಟು ದಿನ ಪಕ್ಕದಲ್ಲೇ ಕೂತು ಒಂದು ಮಾತು ಹೇಳಬಾರದಾ? ನಾನು ಅಮೆರಿಕಾದವನನ್ನು ಕೇಳಿದೆನಲ್ಲ, ಅವನು ನಿನ್ನ ಪೇಪರ್ ಕೊಟ್ಟ. ಬೆಣ್ಣೆ ಕೈಯಲ್ಲಿ ಇಟ್ಕೊಂಡು ತುಪ್ಪಕ್ಕೆ ಅಲೆದ ಹಾಗೆ."

"ತಪ್ಪು ಅಂತಿದೀನಿ."

"ಪೇಪರಿನಲ್ಲಿ ಹಾಗೆ ಇದೆಯಾ, ತಪ್ಪು ಅಂತ?"

"ಬರೆದಿದ್ದೆ. ತೆಗೆದುಬಿಟ್ಟರು."

"ತೆಗೆದರು ಅಂದಮೇಲೆ ಏನೋ ಕಾರಣ ಇರುತ್ತೆ ತಾನೇ. ದೊಡ್ಡೋರು." ಅವನು ಅವಳ ಭುಜದ ಹತ್ತಿರ ಕೈ ತಂದು, ತಟ್ಟದೆ, ಹಿಂದಕ್ಕೆ ತೆಗೆದುಕೊಂಡ. "ನಿನಗೆ ನಿನ್ನ ಕೆಲಸದ ಮೇಲೆ ಭಯ. ಎಲ್ಲ ದೊಡ್ಡ ತಲೆಗಳಿಗೂ ಹೀಗೇ. ಸುಮ್ಮನೆ ಟೆನ್ಷನ್ ಪಡಬೇಡ. ಬೇಕಾದರೆ ಪದ್ಮನಾಭ ಸಾರ್ ಎದುರಿಗೇ ಹೇಳು. ನಾನು ಬೇಡ ಅನ್ನಲ್ಲ."

ಪದ್ಮನಾಭ ಬ್ಯಾಂಕಿನಿಂದ ನಿವೃತ್ತರಾಗಿ ಟ್ರಸ್ಟು ಸೇರಿದ ಮೈಸೂರಿನವರು. ಬಿಳಿ ಅಂಗಿ, ಕೈಯಲ್ಲಿ ಬಟ್ಟೆಚೀಲ. ಸತ್ಯಾತ್ಮ ಅವರನ್ನು ಕೂರಿಸಿದವನೇ ತಡೆಯಲಾರದೆ ಹೇಳಿಬಿಟ್ಟ. ಸಾರ್, ಈ ವಿಧಾನ ಕಂಡುಹಿಡಿದವರೇ ನಮ್ಮಲ್ಲಿದ್ದಾರೆ, ಇಲ್ಲಿ ಕೂತಿದ್ದಾರೆ ನೋಡಿ. ಪದ್ಮನಾಭ ಕುರ್ಚಿಯಿಂದ ಅರ್ಧ ಎದ್ದರು. ವಯಸ್ಸಾದವರು, ಅವಳಿಗಾಗಿ ಎದ್ದರು. "ಓಹೋ. ನಮ್ಮ ಕಡೆಯವರೇನಮ್ಮ? ಬಾಳ ಸಂತೋಷ. ಡಾಕ್ಟರ್ ವಂದನಾ ಅಂದ್ರಾ?"

ಡಾಕ್ಟರ್ ಅಲ್ಲ ಎಂದು ಹೇಳಬೇಕಿತ್ತು. ಅದನ್ನು ಮೊದಲು ಹೇಳಿ, ಆಮೇಲೆ ಉಳಿದದ್ದನ್ನು ಹೇಳುತ್ತೇನೆ ಎಂದುಕೊಂಡಳು. ಆದರೆ ಆ ಪದ ಗಾಳಿಯಲ್ಲಿ ಒಂದು ಕ್ಷಣ ನಿಂತಿತು, ಹಾಗೆ ನಿಂತಾಗ ಚಂದ ಕಂಡಿತು. ಲ್ಯಾಬಿನಿಂದ ಕೊನೆಯ ದಿನ ಹೊರಬರುವಾಗ ಹೆಸರಿನ ಚೀಟಿಯನ್ನು ಡ್ರಾಯರಿನಿಂದ ಉಗುರಿನಲ್ಲಿ ಕಿತ್ತದ್ದು, ಅಂಟು ಉಗುರಿನಲ್ಲಿ ಉಳಿದು ಅನ್ನ ಕಲಸುವಾಗಲೂ ಜಿಗುಟಿದ್ದು, ಎಲ್ಲ ಆ ಒಂದು ಕ್ಷಣದಲ್ಲಿ ತೊಳೆದುಹೋದ ಹಾಗಾಯಿತು. ಯಾರೋ ತನಗಾಗಿ ಎದ್ದು ನಿಂತಿದ್ದಾರೆ. ಅವಳು ಸುಮ್ಮನೆ ನಕ್ಕಳು.

"ಪೇಪರ್ರು, ರಿಸರ್ಚು ನಮಗೇನು ತಿಳಿಯುತ್ತೆ ತಾಯಿ," ಎಂದರು ಪದ್ಮನಾಭ ಚೀಲದಿಂದ ಕನ್ನಡಕ ಹುಡುಕುತ್ತ. "ಆದರೆ ಅಲ್ಲಿ ದಿನಾ ಗಲಾಟೆ. ನಾನು ಬೇರೆ, ಅವಳು ಬೇರೆ ಅಂತ ಬಂದು ಅಳ್ತಾರೆ. ಯಾರನ್ನ ನಂಬೋದು? ಮನೆ ಇರೋದು ಇಷ್ಟೇ. ಅದಕ್ಕೇ ಹೀಗೆ ಸೈಂಟಿಫಿಕ್ ಆಗಿ ಮಾಡಿಸಿದ್ರೆ ನನ್ನ ತಲೆ ಮೇಲೆ ಬರಲ್ಲ. ನೀವು ಬರೆದದ್ದೇ ಅಂದಮೇಲೆ ನೀವೇ ಒಂದು ಮಾತು ಹೇಳಿಬಿಡಿ. ಇದು ಸರಿಯಾಗಿದೆಯಾ?"

ತಗಡಿನ ಯಂತ್ರ ಆಗ ನಿಂತಿತ್ತು. ಪಕ್ಕದ ಶೆಡ್ಡಿನವರಿಗೆ ಊಟದ ಹೊತ್ತು. ಬಾಯಿ ತೆರೆದಳು. ಇಲ್ಲ ಎಂದರೆ ಏನಾಗುತ್ತದೆ ಎನ್ನುವುದೂ ಅವಳಿಗೆ ಕಾಣುತ್ತಿತ್ತು: ಎಲ್ಲಿ ಬರೆದಿದೆ ಎನ್ನುತ್ತಾರೆ, ಎಲ್ಲೂ ಬರೆದಿಲ್ಲ ಎನ್ನಬೇಕು, ಹಾಗಾದರೆ ನೀವು ಯಾರು ಎನ್ನುತ್ತಾರೆ, ಎದ್ದು ನಿಂತವರು ಕೂತುಕೊಳ್ಳುತ್ತಾರೆ. ಅವರ ಮುಖ ಮಡಿಸಿಕೊಳ್ಳುವುದನ್ನು ಮತ್ತೊಮ್ಮೆ ನೋಡಬೇಕು. "ಪೇಪರಿನಲ್ಲಿ ಹೇಗಿದೆಯೋ ಹಾಗೇ ಮಾಡಿದಾರೆ ಸರ್," ಎಂದಳು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ತನ್ನ ದನಿ ತನಗೇ ಬೇರೆ ಯಾರದೋ ಎನಿಸಿತು. ಕನ್ನಡಕ ಒರೆಸಿಕೊಳ್ಳುತ್ತ ಮಾತಾಡುವ ಯಾರದೋ.

"ಅಷ್ಟು ಸಾಕು ತಾಯಿ," ಎಂದರು ಪದ್ಮನಾಭ.

ಪಟ್ಟಿ ಹೋಯಿತು. ಸತ್ಯಾತ್ಮ ಎಲ್ಲರಿಗೂ ಸಮೋಸ ತರಿಸಿದ. ಅವಳ ಪಾಲಿನದು ಮೇಜಿನ ಮೇಲೆ ಎಣ್ಣೆ ಬಿಡುತ್ತ ಆರಿತು. ಕಾಗದದ ತುಂಡು ಮೆಲ್ಲಗೆ ಗಾಜಾಗುವುದನ್ನು ಅವಳು ಕಣ್ಣು ತೆಗೆಯದೆ ನೋಡಿದಳು. ಸಂಜೆ ಒಬ್ಬೊಬ್ಬರೇ ಬ್ಯಾಗು ಏರಿಸಿಕೊಂಡು ಎದ್ದರು. ಸತ್ಯಾತ್ಮ ಹೋಗುವಾಗ "ಬರ್ತೀನಿ ಡಾಕ್ಟರ್" ಎಂದು ತಮಾಷೆ ಮಾಡಿದ, ಪ್ರೀತಿಯಿಂದಲೇ. ಪೆರಂಬೂರಿನ ಮನೆಗೆ ಹೋಗುವ ಟ್ರೈನು ಒಂದು ಹೋಯಿತು, ಇನ್ನೊಂದೂ ಹೋಗುತ್ತದೆ. ಅವಳು ವೇದಿಕೆಯ ಪುಟವನ್ನು ಮತ್ತೆ ತೆರೆದಳು. ಆ ವಿನಯವಂತ ಹುಡುಗ ಇನ್ನೊಂದು ಸಾಲು ಸೇರಿಸಿದ್ದ: ನೀವು ಹೇಳುವುದು ನಿಜವಿರಲೂಬಹುದು, ಆಧಾರವಿದ್ದರೆ ದಯವಿಟ್ಟು ಬರೆಯಿರಿ, ಕಲಿಯಲು ನನಗೆ ಆಸೆ. ಅವನಿಗೆ ಎಷ್ಟು ವಯಸ್ಸೋ. ಅವನ ಈ ಒಳ್ಳೆಯತನವೇ ಅವಳನ್ನು ಕೊಂದಿತು.

ಕೆಳಗಿನ ಖಾಲಿ ಪೆಟ್ಟಿಗೆಯಲ್ಲಿ ಅವಳು ಆರನೇ ಭಾಗವನ್ನು ಬರೆಯತೊಡಗಿದಳು. ಗಣಿತ ನೆನಪಿರಲಿಲ್ಲ, ಅದು ಬೇಕಾಗಿಯೂ ಇರಲಿಲ್ಲ. ಒಂದು ಬೀದಿಯಲ್ಲಿ ಆರು ಜನ ಚಿಕ್ಕತಾಯಮ್ಮಂದಿರಿದ್ದರು ಎಂದು ಇಂಗ್ಲಿಷಿನಲ್ಲಿ ಆರಂಭಿಸಿದಳು. ಈ ವಿಧಾನಕ್ಕೆ ಅವರು ಒಬ್ಬಳೇ. ಬೀದಿಗೆ ಹಾಗಲ್ಲ. ಮೇಗಲಮನೆಯವಳು. ಬಾವಿತಾವಿನವಳು. ಕುರಿಯವಳು. ಸೂಲಗಿತ್ತಿ ಕೆಲಸ ಮಾಡುವವಳು. ಎರಡು ಸಲ ಗಂಡನ ಮನೆ ಬಿಟ್ಟು ಬಂದವಳು. ಇಂಗ್ಲಿಷಿನಲ್ಲಿ ಅವರು ಬಟ್ಟೆ ಬದಲಿಸಿ ನಿಂತ ನೆಂಟರ ಹಾಗೆ ಸಂಕೋಚದಿಂದ ಕಂಡರೂ, ಐದು ಸಾಲು, ಐದು ಮುಖ, ಪರದೆಯ ಮೇಲೆ ಬಂದು ನಿಂತವು. ಆರನೆಯ ಸಾಲಿಗೆ ಬೆರಳಿಟ್ಟಳು.

ಆರನೆಯವಳು ಅವ್ವ. ಎಲ್ಲರ ಗುರುತು ಹೇಳಿ ಮುಗಿಸಿದ ಅವ್ವ ತನ್ನದನ್ನು ಹೇಳಲು ನಾಚಿಕೊಂಡಿದ್ದಳು. "ನಂದೇನ್ ಮಗಾ, ನಾನೂ ಒಬ್ಳು ಅಂತ ಬರ್ಕೊ." ಮೇಗಲಮನೆ ಚಿಕ್ಕತಾಯಿ ಜಗುಲಿಯಿಂದಲೇ ಕೂಗಿ ಹೇಳಿದ್ದಳು, ಬಾಯಿ ತುಂಬ ಎಲೆಯಡಿಕೆ ಇಟ್ಟುಕೊಂಡು: "ಅವ್ಳಿಗೇನು ಗುರ್ತು ಕಮ್ಮಿಯಾ? ಓದೋ ಮಗಳ ಚಿಕ್ಕತಾಯಿ ಅಂತ ಬರ್ಕೊ ಕೂಸೆ. ಇಡೀ ಬೀದಿಗೇ ಗೊತ್ತು." ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ವಂದನಾ ಅದನ್ನು ಹಾಗೆಯೇ ಬರೆದುಕೊಂಡಿದ್ದಳು, ಕೋಷ್ಟಕದ ಕೊನೆಯ ಸಾಲಿನಲ್ಲಿ, ಓದೋ ಮಗಳ ಚಿಕ್ಕತಾಯಿ.

ಅವಳ ಬೆರಳು ಕೀಲಿಯ ಮೇಲೆ ಇತ್ತು. ಒತ್ತಲಾಗಲಿಲ್ಲ. ಹೊರಗೆ ತಗಡಿನ ಯಂತ್ರ ದಿನದ ಕೊನೆಯ ತಗಡನ್ನು ಕತ್ತರಿಸಿ ಸುಮ್ಮನಾಯಿತು. ಕಾವಲಿನವನು ಬಂದು, ಇನ್ನೂ ಯಾರಾದರೂ ಇದ್ದಾರಾ ಎಂದು ತಮಿಳಿನಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಆ ಕಡೆಯ ದೀಪಗಳನ್ನು ಆರಿಸಿದ. ಐದು ಚಿಕ್ಕತಾಯಮ್ಮಂದಿರು ಪರದೆಯ ಬೆಳಕಿನಲ್ಲಿ ನಿಂತು, ಆರನೆಯವಳು ಬರಲಿ ಎಂದು ಕಾಯುತ್ತಿದ್ದರು.